ಎರಡನೇ ಗೇಟರ್

ಖಾಜಾ ಪೀರ್ ತನ್ನ ಹೊಟ್ಟೆಯ ಗುಟ್ಟನ್ನು ನನ್ನೊಬ್ಬನಿಗೇ ಹೇಳಿದ. ಹೇಳದೆ ಇದ್ದಿದ್ದರೆ ನಾನಿವತ್ತು ನೆಮ್ಮದಿಯಾಗಿ ಎರಡು ತುತ್ತು ಉಣ್ಣುತ್ತಿದ್ದೆ. ಅವನ ಮೇಲೆ ನನಗೆ ಸಿಟ್ಟಿದೆ. ಸತ್ತವನ ಮೇಲೆ ಎಂಥ ಸಿಟ್ಟು ಎನ್ನುವವರು ಎನ್ನಲಿ, ನನಗೇನು.

ನಾನು ಷಣ್ಮುಖಪ್ಪ, ಭದ್ರಾವತಿಯವನು. ಕಬ್ಬಿಣ ಹೇರಿಕೊಂಡು ಮೂವತ್ತು ವರ್ಷ ಲಾರಿ ಓಡಿಸಿದ್ದೇನೆ. ಖಾಜಾ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಟೈರ್ ರಿಪೇರಿ ಅಂಗಡಿ ಇಟ್ಟಿದ್ದ. ಟೈರಿನ ಒಳಗಿನ ದಾರ ಹರಿದು ಒಂದು ಕಡೆ ಉಬ್ಬಿಕೊಂಡರೆ ಒಳಮೈಗೆ ಹಳೇ ಟೈರಿನ ದಪ್ಪ ತುಂಡು ಕೊಟ್ಟು ಕೂರಿಸುತ್ತಾರಲ್ಲ, ಅದಕ್ಕೆ ನಾವು ಗೇಟರ್ ಅನ್ನುತ್ತೇವೆ. ಆ ಕೆಲಸದಲ್ಲಿ ಅವನನ್ನು ಮೀರಿಸುವವನು ಜಿಲ್ಲೆಯಲ್ಲಿರಲಿಲ್ಲ. ಕಣ್ಣು ಮುಚ್ಚಿ ಟೈರಿನೊಳಗೆ ಅಂಗೈ ಆಡಿಸಿದರೆ ಸಾಕು, ಎಲ್ಲಿ ದಾರ ಸತ್ತಿದೆ ಎಂದು ಹೇಳಿಬಿಡುತ್ತಿದ್ದ.

ಬಾಯಿ ಮಾತ್ರ ಕೆಟ್ಟದ್ದು. ಗೇಟರ್ ಹಾಕಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕಿದವರಿಗೆ ಮಂಗಳಾರತಿ ಎತ್ತುತ್ತಿದ್ದ. ತಿಂಗಳಿಗೊಮ್ಮೆ ಬಂದು ಬಿಚ್ಚಿ ತೋರಿಸದವರಿಗೂ ಅದೇ ಪೂಜೆ. ಒಮ್ಮೆ ಗೇಟರ್ ಹಾಕಿದ ಟೈರು ಮತ್ತೆ ಉಬ್ಬಿತೋ, ಮಾತಿಲ್ಲ ಕತೆಯಿಲ್ಲ, ಮಾಲೀಕನ ಎದುರಿಗೇ ಚಾಕು ಹಾಕಿ ಕೊಯ್ದುಬಿಡುತ್ತಿದ್ದ. ಬೇರೆ ಯಾರೂ ಅದನ್ನು ರಸ್ತೆಗಿಳಿಸಬಾರದು ಎಂದು. ನನ್ನದೊಂದು ಟೈರನ್ನೂ ಹಾಗೇ ಕೊಯ್ದ. ನಾನು ಕೊರಳಪಟ್ಟಿ ಹಿಡಿದೆ. ಎರಡು ತಿಂಗಳು ಮಾತು ಬಿಟ್ಟೆವು. ಅಷ್ಟರಲ್ಲಿ ಮೂರ್ತಪ್ಪ ಎಂಬ ಡ್ರೈವರ್ ಬೇರೆ ಅಂಗಡಿಯಲ್ಲಿ ಎರಡನೇ ಗೇಟರ್ ಹಾಕಿಸಿಕೊಂಡು ಹೋದವನು, ತರೀಕೆರೆ ಹತ್ತಿರ ಟೈರ್ ಸಿಡಿದು ಲಾರಿ ಮಗುಚಿ ಒಂದು ಕಾಲು ಕಳೆದುಕೊಂಡ. ಆಸ್ಪತ್ರೆಯಲ್ಲಿ ಅವನನ್ನು ನೋಡಿ ಬಂದವನೇ ನಾನು ನೆಟ್ಟಗೆ ಖಾಜಾನ ಅಂಗಡಿಗೆ ಹೋದೆ. ಅವತ್ತಿನಿಂದ ಅವನ ಮಾತೇ ನನಗೆ ವೇದ.

ಎರಡು ಸಾವಿರದ ಮೂರರಲ್ಲಿ ಅವನಿಗೆ ಸೊಂಟ ನೋವು ಬಂತು. ಸ್ಕ್ಯಾನ್ ಮಾಡಿದರೆ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವೇ ಉಬ್ಬಿಕೊಂಡಿತ್ತು. ಒಡೆದರೆ ಮುಗಿಯಿತು ಅಂದರು. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನನ್ನು ಅವನ ಹೃದಯ ತಡೆದುಕೊಳ್ಳುವಂತಿರಲಿಲ್ಲ. ಹಾಗಾಗಿ ಬೆಂಗಳೂರಿಗೆ ಕರೆದುಕೊಂಡು ಹೋದೆವು, ಅವನ ಮಗ ಮುಸ್ತಕೀಮ್ ಮತ್ತು ನಾನು. ಅಲ್ಲಿನ ಡಾಕ್ಟರು ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದರು. ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ, ರಕ್ತನಾಳದೊಳಗಿಂದಲೇ ತಂತಿ ತೂರಿಸಿ, ಮಡಿಚಿಟ್ಟ ಬಟ್ಟೆಯ ಕೊಳವೆಯೊಂದನ್ನು ಉಬ್ಬಿದ ಜಾಗಕ್ಕೆ ಒಯ್ದು ಅಲ್ಲಿ ಬಿಚ್ಚಿ ಕೂರಿಸುತ್ತಾರಂತೆ.

"ಅಯ್ಯೋ ಡಾಕ್ಟ್ರೇ, ಇದು ಗೇಟರ್ ಕಣ್ರೀ! ಮೂವತ್ತು ವರ್ಷದಿಂದ ನಾನೂ ಇದೇ ಆಪರೇಷನ್ ಮಾಡ್ತಿದ್ದೀನಿ" ಎಂದ ಖಾಜಾ.

ಡಾಕ್ಟರು ನಕ್ಕರು. "ಹಾಗೇ ಅಂದ್ಕೊಳ್ಳಿ. ಆದ್ರೆ ವರ್ಷ ವರ್ಷ ಬಂದು ಸ್ಕ್ಯಾನ್ ಮಾಡಿಸ್ಬೇಕು, ಮರೀಬೇಡಿ."

ವಾರದೊಳಗೆ ಮನೆಗೆ ಬಂದ. ಮೊದಲ ವರ್ಷದ ಸ್ಕ್ಯಾನಿನಲ್ಲಿ ಎಲ್ಲ ಸರಿಯಿತ್ತು. ಅವನ ಹೆಂಡತಿ ಅಮೀನಾ ಬೀ ಓಣಿಗೆಲ್ಲ ಸಿಹಿ ಹಂಚಿದಳು. ಅವರ ಮನೆಗೆ ಯಾವ ಹೊತ್ತಿಗೆ ಹೋದರೂ ಆಕೆ ನನ್ನನ್ನು ನಿಲ್ಲಗೊಡುತ್ತಿರಲಿಲ್ಲ. "ಕೂತ್ಕೊಳ್ಳಿ ಅಣ್ಣಾ, ಚಾ ಕುಡ್ಕೊಂಡೇ ಹೋಗ್ಬೇಕು" ಎಂದು ಬಾಗಿಲ ಪಕ್ಕದ ಕುರ್ಚಿ ಎಳೆದು ಹಾಕುತ್ತಿದ್ದಳು.

ಎರಡನೇ ವರ್ಷದ ಸ್ಕ್ಯಾನಿಗೆ ಒಂದು ತಿಂಗಳಿದ್ದಾಗ, ಮಧ್ಯಾಹ್ನ ಅಂಗಡಿಯಲ್ಲಿ ಖಾಜಾ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ. ಒಳಗೆ ಏನೋ ಢಬ್ ಢಬ್ ಬಡಿಯುತ್ತಿತ್ತು.

"ಆಪರೇಷನ್‌ಗೆ ಮೊದ್ಲು ಹಿಂಗೇ ಬಡೀತಿತ್ತು. ಆಮೇಲೆ ನಿಂತಿತ್ತು. ಈಗ ಮತ್ತೆ ಶುರುವಾಗಿದೆ ಮಾರಾಯ."

"ಹಂಗಾದ್ರೆ ನಾಳೇನೇ ಹೋಗೋಣ, ಏಳು."

"ಹೋಗಿ? ಎರಡ್ನೇ ಸಲ ಉಬ್ಬಿದ್ದಕ್ಕೆ ಏನ್ ಮಾಡ್ತಾರೆ? ಗೇಟರ್ ಮೇಲೆ ಗೇಟರ್ ನಿಲ್ಲಲ್ಲ, ನಿಂಗೂ ಗೊತ್ತು. ಹೊಟ್ಟೆ ಕೊಯ್ದ್ರೆ ಟೇಬಲ್ ಮೇಲೇ ಸಾಯ್ತೀನಿ. ಅಮೀನಾಗೆ ಹೇಳ್ಬೇಡ, ನನ್ನಾಣೆ. ಇರೋಷ್ಟು ದಿನ ನಗ್ತಾ ಇರ್ಲಿ."

ಚೆಕ್‌ಪೋಸ್ಟಿನ ಪೊಲೀಸರ ಹತ್ತಿರವೇ ಜಗಳಕ್ಕೆ ನಿಲ್ಲುವ ನಾನು ಅವತ್ತು ಬಾಯಿ ಬಿಡಲಿಲ್ಲ. ಸ್ನೇಹಿತ ಆಣೆ ಹಾಕಿದ, ಅದಕ್ಕೇ ಸುಮ್ಮನಿದ್ದೆ ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ಮೂರ್ತಪ್ಪನ ಮಗುಚಿದ ಲಾರಿ ಕಣ್ಣ ಮುಂದೆ ಬಂತು. ಖಾಜಾ ಹೇಳಿದ್ದು ನಿಜ ಎಂದು ನಾನೂ ನಂಬಿದೆ.

ಸ್ಕ್ಯಾನಿನ ದಿನ ಮುಸ್ತಕೀಮ್ ಅಂಗಡಿ ನೋಡಿಕೊಂಡ. ನಾನು ಖಾಜಾನನ್ನು ಬೆಂಗಳೂರಿಗೆ ಕರೆದೊಯ್ಯುತ್ತೇನೆಂದು ಹೊರಡಿಸಿದೆ. ಅಮೀನಾ ಬೀ ದಾರಿಗೆಂದು ಚಪಾತಿ ಕಟ್ಟಿಕೊಟ್ಟಳು. ನಾವು ಹೋದದ್ದು ಊರ ಪಕ್ಕದ ಗಾಜನೂರಿಗೆ. ತುಂಗೆಯ ದಡದಲ್ಲಿ ಕೂತು ಆ ಚಪಾತಿ ತಿಂದೆವು. ಖಾಜಾ ಹಳೇ ಡ್ರೈವರುಗಳನ್ನೆಲ್ಲ ನೆನೆಸಿಕೊಂಡು ಒಬ್ಬೊಬ್ಬರನ್ನೂ ಬೈದ, ನಕ್ಕ, ಆಮೇಲೆ ಸ್ವಲ್ಪ ಹೊತ್ತು ಅತ್ತ. ರಾತ್ರಿ ಭದ್ರಾವತಿಯಲ್ಲಿ ನಮ್ಮ ಮನೆಯಲ್ಲಿ ಮಲಗಿ ಮಾರನೇ ದಿನ ವಾಪಸ್ಸು ಹೋದೆವು. "ಏನಂದ್ರಣ್ಣಾ?" ಎಂದಳು ಆಕೆ, ಕುರ್ಚಿ ಎಳೆಯುತ್ತ. "ಗುಂಡುಕಲ್ಲಿನ ಹಾಗಿದ್ದಾನಂತೆ, ಬಿಡಮ್ಮಾ" ಎಂದೆ. ಚಹಾ ಕುಡಿದೆ.

ಏಳು ವಾರ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಹೊಟ್ಟೆ ಹಿಡಿದುಕೊಂಡು ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿನ ಡಾಕ್ಟರು ಮುಸ್ತಕೀಮ್ ತಂದಿದ್ದ ಹಳೇ ಫೈಲನ್ನು ನಮ್ಮಿಬ್ಬರೆದುರೇ ತಿರುವಿ ಹಾಕಿದರು.

"ಈ ವರ್ಷ ಸ್ಕ್ಯಾನ್ ಯಾಕೆ ಮಾಡಿಸ್ಲಿಲ್ಲ? ಕೊಳವೆ ಪಕ್ಕ ಎಲ್ಲೋ ಸೋರಿರತ್ತೆ. ಬಹುಶಃ ಒಳಗಿಂದಾನೇ ಇನ್ನೊಂದು ತುಂಡು ಕೂರಿಸ್ಬಹುದಿತ್ತು, ತೊಡೆಸಂದಿಯಿಂದಾನೇ. ಎಷ್ಟೋ ಜನಕ್ಕೆ ಮಾಡ್ತಾರೆ."

"ಮಾಡ್ಸಿದ್ರಲ್ಲ ಸಾರ್" ಎಂದ ಮುಸ್ತಕೀಮ್. "ಷಣ್ಮುಖಪ್ಪ ಮಾಮನ ಜೊತೆ ಹೋಗಿದ್ರು."

ಡಾಕ್ಟರು ಫೈಲಿನಲ್ಲಿ ಇನ್ನೊಮ್ಮೆ ಹುಡುಕಿದರು. ಮುಸ್ತಕೀಮ್ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಅವನಿಗೆ ಅಷ್ಟೇ ಸಾಕಾಯಿತು. ತಾಯಿಗೆ ಮಾತ್ರ ಏನೂ ಹೇಳಲಿಲ್ಲ. ಅದು ನನ್ನ ಕೆಲಸ ಎಂದು ಬಿಟ್ಟನೇನೋ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದು ಜನ ಚೆದುರಿದ ಮೇಲೆ ಅಮೀನಾ ಬೀಗೆ ಹೇಳಿದೆ. ಬಾಗಿಲಲ್ಲಿ ನಿಂತುಕೊಂಡೇ ಹೇಳಿದೆ.

"ಅವತ್ತು ನಾವು ಬೆಂಗಳೂರಿಗೆ ಹೋಗ್ಲಿಲ್ಲಮ್ಮಾ, ಗಾಜನೂರಲ್ಲಿದ್ವಿ. ಎರಡನೇ ಗೇಟರ್ ನಿಲ್ಲಲ್ಲ ಅಂದ. ನಾನೂ ಹೌದು ಅಂದ್ಕೊಂಡೆ."

ಬೈಯುತ್ತಾಳೆ, ಚಪ್ಪಲಿಯಲ್ಲಿ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಡಾಕ್ಟ್ರನ್ನ ಒಂದು ಮಾತು ಕೇಳ್ಬೋದಿತ್ತಲ್ಲ ಅಣ್ಣಾ. ಒಂದೇ ಒಂದು ಮಾತು."

ಕುರ್ಚಿ ಅಲ್ಲೇ ಬಾಗಿಲ ಪಕ್ಕದಲ್ಲಿತ್ತು. ಕೂತ್ಕೊಳ್ಳಿ ಎಂದು ಆಕೆ ಹೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.