ಅಪ್ಪನ ದನಿ ಅಣ್ಣನ ಪಾಲಿಗೆ

ಗೆಳೆಯರೇ, ಇವತ್ತು ನನ್ನ ಸಂಗೀತ ಕಛೇರಿಯ ಚಪ್ಪಾಳೆಯೆಲ್ಲ ಅಣ್ಣನಿಗೆ ಹೋಯಿತು.

ರಾಮಕೃಷ್ಣನಗರದಲ್ಲಿ ಅಪ್ಪನ ನೆನಪಿನ ಕಾರ್ಯಕ್ರಮ. ಹೆಸರಾಂತ ಗಾಯಕರಾಗಿದ್ದ ಅವರು ಕಲಿಸಿದ್ದನ್ನೇ ಸಂಜೆಯೆಲ್ಲ ಹಾಡಿದೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಆಮೇಲೆ ವಂದನಾರ್ಪಣೆಗೆ ಅಣ್ಣ ಮೈಕ್ ಹಿಡಿದ. ಟೈರ್ ಅಂಗಡಿ ನಡೆಸುವ ಅವನಿಗೆ ಸರಿಗಮವೂ ಬಾರದು. ಗಂಟಲು ಸರಿಮಾಡಿಕೊಂಡು "ಎಲ್ಲರಿಗೂ ನಮಸ್ಕಾರ" ಅಂದ, ಅಷ್ಟೇ. ಥೇಟ್ ಅಪ್ಪನ ದನಿ! ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, "ಅವ್ರೇ ಬಂದಂಗಾಯ್ತು ಕಣಮ್ಮ" ಎಂದು ನನಗೇ ಹೇಳಿದರು. ಹೊಟ್ಟೆ ಧಗಧಗ ಉರಿಯಿತು.

ಕಾರಿನಲ್ಲಿ ಅಣ್ಣ, "ಯಾಕೆ ಮುಖ ಊದಿಸ್ಕೊಂಡಿದ್ದೀಯ? ನಾನು ಸುಮ್ನಿರ್ಲಾ?" ಅಂದ.

"ಬೇಡ ಕಣೋ, ಏನಾದ್ರೂ ಮಾತಾಡ್ತಾ ಇರು" ಅಂದೆ.

ಶ್ರೀರಾಂಪುರ ಬರುವವರೆಗೂ ಟ್ಯೂಬ್‌ಲೆಸ್ ಟೈರಿನ ಗುಣಗಾನ ಮಾಡಿದ. ಅದನ್ನು ಕಣ್ಣು ಮುಚ್ಚಿಕೊಂಡು, ತಲೆದೂಗುತ್ತಾ ಕೇಳಿದವಳು ಇಡೀ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು.