ಮಂಡಿ ಅಮ್ಮ ಕೊಟ್ಟ ಹತ್ತು ರೂಪಾಯಿ ಕೆಲಸ

ಅವರ ಬಲಗೈ ಹೆಬ್ಬೆರಳಿನ ಉಗುರು ಕರಟದ ಬಣ್ಣಕ್ಕೆ ತಿರುಗಿತ್ತು. ಆ ಉಗುರಿನಿಂದ ಕಾಯಿಯ ಮೇಲೆ ಟಕ್ಕೆಂದು ಹೊಡೆದು, ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ಒಳಗೆ ಕೊಬ್ಬರಿ ಗಡಗಡ ಎಂದರೆ ಬಲಕ್ಕೆ, ನೀರು ಕುಲುಕಿದರೆ ಎಡಕ್ಕೆ. ಹಣೆ ತುಂಬ ವಿಭೂತಿ, ತಲೆ ತುಂಬ ಸೆರಗು, ಕೂತ ಜಾಗ ಮಂಡಿಯ ಒಳಬಾಗಿಲ ಹೊಸ್ತಿಲ ಪಕ್ಕ. ಗಂಡ ತೀರಿಕೊಂಡ ಮೇಲೂ ಚನ್ನರಾಯಪಟ್ಟಣದ ಪೇಟೆಯಲ್ಲಿ ರೈತರ ಮಾಲು ಮಾರಿಕೊಡುವ ಕೊಬ್ಬರಿ ಮಂಡಿಯನ್ನು ಒಂದು ದಿನವೂ ಮುಚ್ಚದೆ ನಡೆಸಿದ ಹೆಂಗಸು. ಊರಿಗೆಲ್ಲ ಅವರು ಮಂಡಿ ಅಮ್ಮ. ನನಗೂ ಅಷ್ಟೆ.

ಅವರು ಚೌಕಾಸಿ ಮಾಡದೆ ಕೊಂಡ ವಸ್ತು ಯಾವುದೂ ಇರಲಿಲ್ಲ. ಹೂವಿನವಳ ಹತ್ತಿರ ಒಂದು ಮೊಳಕ್ಕಾಗಿ ಜಗಳವಾಡಿ ಗೆದ್ದು, ಆಮೇಲೆ ಅವಳನ್ನೇ ಕೂರಿಸಿಕೊಂಡು ಮಜ್ಜಿಗೆ ಕೊಡುವರು. ಒಮ್ಮೆ ಯಾಕಮ್ಮಾ ಹೀಗೆ ಎಂದು ಕೇಳಿದ್ದಕ್ಕೆ, "ಚೌಕಾಸಿ ಮಾಡ್ದಿದ್ರೆ ಮಾರೋಳ್ಗೆ ಅವಮಾನ ಕಣ್ಲಾ. ನಿನ್ ಮಾಲು ಮುಟ್ಟಿ ನೋಡಕ್ಕೂ ಲಾಯಕ್ಕಿಲ್ಲ ಅಂದಂಗೆ" ಅಂದರು. ವ್ಯಾಪಾರಕ್ಕೆ ಇಳಿಯುವವರು ಈ ಮಾತನ್ನು ಗಂಟು ಹಾಕಿಕೊಂಡರೆ ಕೆಡುವುದಿಲ್ಲ.

ಇಷ್ಟು ಬಲ್ಲ ಹೆಂಗಸಿಗೆ ಒಂದು ಕೊರತೆಯಿತ್ತು. ಆಗ ಮಂಡಿಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಮಂಡಿಯವನೂ ಕೊಳ್ಳುವವನೂ ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಮಾತಾಡುವರು. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುವುದು. ಹೀಗೆ ಒಬ್ಬೊಬ್ಬರ ಕೈ ಹಿಡಿದು ಬಂದು, ಯಾರ ದರ ಮೇಲೋ ಅವರಿಗೆ ಮಾಲು. ಹೆಂಗಸಾದವಳು ಪರಗಂಡಸಿನ ಕೈಯನ್ನು ಬಟ್ಟೆ ಕೆಳಗೆ ಹಿಡಿಯುವುದುಂಟೆ? ಆದ್ದರಿಂದ ಅವರಿಗೆ ಯಾವಾಗಲೂ ಒಬ್ಬ ಗಂಡಸಿನ ಕೈ ಬೇಕಾಗುತ್ತಿತ್ತು. ಇದ್ದ ಹಳೆಯ ಗುಮಾಸ್ತ, ನಾನು ಹೋಗಿ ಸೇರಿದ ವರ್ಷ ಕೆಲಸ ಬಿಟ್ಟಿದ್ದ.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಮನೆಯಲ್ಲಿ ಕೂತಿದ್ದ ಕಾಲ. ಮೂವತ್ತರ ದಶಕದ ಆ ಮುಗ್ಗಟ್ಟಿನಲ್ಲಿ ಸರ್ಕಾರದ ಕೆಲಸ ಗಗನಕುಸುಮ. ಹಾಸನದ ಕಚೇರಿಯಲ್ಲಿ ಗುಮಾಸ್ತಗಿರಿ ಕೊಡಿಸುತ್ತೇನೆ, ಆರ್ಡರು ಬರುವ ತನಕ ಕಾಯಲಿ ಎಂದು ಅಪ್ಪನ ಪರಿಚಯದ ಶಿರಸ್ತೇದಾರರೊಬ್ಬರು ಹೇಳಿದ್ದರು. ಅಪ್ಪ ಬೇಸಾಯದವನು; ಕಾಯುವುದು ಅವನಿಗೆ ಹೊಸದಲ್ಲ. ನನಗೆ ಮಾತ್ರ ಹಗಲು ಉದ್ದವಾಗತೊಡಗಿತ್ತು.

ಅಪ್ಪ ಕೊಬ್ಬರಿ ಮಾರಲು ಹೋದಾಗ ಮಂಡಿ ಅಮ್ಮ ಹುಡುಗನನ್ನು ಕರಕೊಂಡು ಬಾ ಅಂದರಂತೆ. ಹೋದೆವು. ತಿಂಗಳಿಗೆ ಹತ್ತು ರೂಪಾಯಿ, ಎರಡು ಹೊತ್ತು ಊಟ ಅಂದರು. ಹಾಸನದ ಗುಮಾಸ್ತನಿಗೆ ಆಗ ಮೂವತ್ತು. ಅಪ್ಪ ನೆಲ ನೋಡಿದ. ಜೊತೆಗೆ ಬಂದಿದ್ದ ನನ್ನ ಸೋದರಮಾವ ಸುಮ್ಮನಿರಬೇಕಲ್ಲ, "ಬಿ.ಎ. ಓದಿ ಎಂಗ್ಸಿನ್ ಮಂಡೀಲಿ ಬೆರಳು ಇಸುಕಕ್ಕೆ ಓಗ್ತೀಯೇನ್ಲಾ?" ಎಂದು ನಕ್ಕ. ಮಂಡಿ ಅಮ್ಮ ಅವನ ಕಡೆ ತಿರುಗಲೇ ಇಲ್ಲ.

"ನೋಡ್ಲಾ ಮಗಾ," ಎಂದರು ನನಗೆ, "ಅಟ್ಟದ ಮ್ಯಾಲಿಟ್ರೆ ಕಾಯಿ ಕೊಬ್ರಿ ಆಯ್ತದೆ. ಮನುಸನ್ನ ಇಟ್ರೆ ಗೆದ್ಲು ಇಡೀತದೆ. ನಾಳೆ ಒಂದಿನ ಬಂದು ಕೈ ಇಡಿ. ಆಮ್ಯಾಕೆ ನೀನೇ ಏಳು, ಬತ್ತೀಯೋ ಇಲ್ವೋ ಅಂತ."

ಮರುದಿನ ವಲ್ಲಿ ಹೊದ್ದು ಹೋದೆ. ಬೆರಳಿನ ಲೆಕ್ಕವನ್ನು ಬೆಳಗ್ಗೆಯೇ ಬಾಯಲ್ಲಿ ಹೇಳಿಕೊಟ್ಟಿದ್ದರು. ಇಬ್ಬರು ಮೂವರ ಕೈ ಹಿಡಿದು, ಒಳಬಾಗಿಲಿಗೆ ಹೋಗಿ ಅವರ ಕಿವಿಯಲ್ಲಿ ದರ ಹೇಳಿಬಂದೆ. ಕೊನೆಗೆ ಹೊಳೆನರಸೀಪುರದಿಂದ ಬರುತ್ತಿದ್ದ ದೊಡ್ಡ ಖರೀದಿದಾರ ಕೈ ಕೊಟ್ಟ. ದರ ಅದುಮಿದ, ಮಿಕ್ಕವರಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ಆಮೇಲೆ ನನ್ನ ಕಿರುಬೆರಳನ್ನು ಬೇರೆಯಾಗಿ ಹಿಡಿದು ಮೆಲ್ಲಗೆ ಒತ್ತಿ ಬಿಟ್ಟ. ಬೆಳಗಿನ ಪಾಠದಲ್ಲಿ ಕಿರುಬೆರಳು ಬಂದಿರಲಿಲ್ಲ. ಗೊತ್ತಿಲ್ಲದ್ದನ್ನು ಎದ್ದು ನಿಂತು ಕೇಳಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆನಲ್ಲ, ಎಲ್ಲರ ಎದುರಿಗೇ ಕೇಳಿಬಿಟ್ಟೆ: "ಸಾವ್ಕಾರ್ರೇ, ಈ ಕಿರುಬೆರಳು ಯಾವ ಲೆಕ್ಕ?"

ಮೊದಲು ಒಬ್ಬ ನಕ್ಕ, ಹಮಾಲಿಗಳು ನಕ್ಕರು, ಕೊಬ್ಬರಿ ತಂದ ರೈತರೂ ನಕ್ಕರು. ಕಿರುಬೆರಳೆಂದರೆ, ಬೇರೆಯವರ ಹೆಚ್ಚಿನ ದರ ಮುಚ್ಚಿಟ್ಟು ಮಾಲನ್ನು ಆ ಕೊಳ್ಳುವವನಿಗೇ ಬಿಡಿಸಿಕೊಟ್ಟರೆ ಕೈ ಹಿಡಿದ ಗುಮಾಸ್ತನಿಗೆ ಗುಟ್ಟಾಗಿ ಸಲ್ಲುವ ಪಾಲು ಎಂದು ನನ್ನನ್ನೂ ಮಂಡಿ ಅಮ್ಮನನ್ನೂ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಸಾಹುಕಾರ ಕೈ ಕಿತ್ತುಕೊಂಡು ಕೆಂಪಗಾಗಿ ಎದ್ದು ಹೋದ. ಅವನ ಹಿಂದೆಯೇ ಇನ್ನಿಬ್ಬರು ಹೋದರು. ಆ ದಿನದ ಅರ್ಧ ಮಾಲು ಮಾರಾಟವಾಗದೆ ಉಳಿಯಿತು.

ಸಂಜೆ ಎಲ್ಲರೂ ಹೋದ ಮೇಲೆ, ಬಯ್ಯುತ್ತಾರೆ ಎಂದುಕೊಂಡು ಒಳಬಾಗಿಲಲ್ಲಿ ನಿಂತೆ. ಹಳೆಯ ಗುಮಾಸ್ತ ಇಷ್ಟು ವರ್ಷ ಅದೇ ಸಾಹುಕಾರನಿಗೆ ಯಾಕೆ ಮಾಲು ಬಿಡಿಸುತ್ತಿದ್ದನೆಂಬುದು ಮಂಡಿ ಅಮ್ಮನಿಗೆ ಆವತ್ತು ತಿಳಿದಿತ್ತು. ರೈತರಿಗೆ ತಾನೇ ದ್ರೋಹ ಮಾಡಿದಂತಾಯಿತಲ್ಲ ಎಂಬ ಸಂಕಟ ಮುಖದಲ್ಲಿತ್ತು. ನನ್ನ ಕಡೆ ತಿರುಗಿ ಹೇಳಿದರು:

"ಯಾಪಾರ ನಾನು ಕಲ್ಸ್ತೀನಿ. ಎಲ್ರ ಎದ್ರುಗೆ ಕೇಳ್ದಲ್ಲಾ, ಅದನ್ನ ಯಾರೂ ಕಲ್ಸಕ್ಕಾಗಕಿಲ್ಲ. ಬತ್ತೀಯಾ?"

ನನ್ನ ಬೆಲೆ ಏರಿತೆಂದು ನನಗೆ ಆಗಲೇ ಅನ್ನಿಸಿತ್ತು. ಹದಿನೈದು ಕೊಡಿ ಅಂದೆ. ಹತ್ತು ಅಂದರು. ಹನ್ನೆರಡಕ್ಕೆ ಇಳಿದೆ. ಹತ್ತು. ಹಣದಲ್ಲಿ ಬಗ್ಗದವರ ಹತ್ತಿರ ಹಣ ಕೇಳಬಾರದು, ಅವರಿಗೆ ಖರ್ಚಿಲ್ಲದ, ನಮಗೆ ಲಾಭವಿರುವ ಬೇರೆ ಏನನ್ನಾದರೂ ಕೇಳಬೇಕು. ನಾನು ಎರಡು ಷರತ್ತು ಕೇಳಿದೆ. ಸರ್ಕಾರದ ಆರ್ಡರು ಬಂದರೆ ತಡೆಯಬಾರದು. ಅರಕಲಗೂಡು, ಹೊಳೆನರಸೀಪುರದ ಸಂತೆಗಳಿಗೆ ಹೋಗುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕು. ಅವರು ಮೊದಲ ಸಲ ನನ್ನನ್ನು ದಿಟ್ಟಿಸಿ ನೋಡಿ, "ಗಾಡೀಲಿ ಜಾಗ ಐತೆ" ಅಂದರು.

ಅಪ್ಪ ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಆದರೆ ಆ ಗಾಡಿಯಲ್ಲಿ ನಾನು ಕಲಿತದ್ದನ್ನು ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ: ಯಾವ ಸೀಮೆಯ ಕಾಯಿಗೆ ಎಣ್ಣೆ ಹೆಚ್ಚು, ಯಾವ ರೈತನ ಮಗಳ ಮದುವೆ ಹತ್ತಿರವಿದೆ, ಅಂಥವನ ಅವಸರವನ್ನು ಕಂಡೂ ಕಾಣದಂತೆ ಹೇಗೆ ನ್ಯಾಯದ ದರ ಕೊಡಬೇಕು. ಕೆಲಸ ಹುಡುಕುವ ಹುಡುಗರು ನನ್ನ ಹತ್ತಿರ ಬಂದರೆ ಈಗಲೂ ಅದನ್ನೇ ಹೇಳುತ್ತೇನೆ. ಸಂಬಳ ಎಷ್ಟೆಂದು ಆಮೇಲೆ ಕೇಳಿ, ಯಾರ ಪಕ್ಕ ಕೂರಿಸುತ್ತಾರೆಂದು ಮೊದಲು ಕೇಳಿ.

ಎರಡನೆಯ ವರ್ಷ ಹಾಸನದಿಂದ ಆರ್ಡರು ಬಂದೇಬಂತು. ತೋರಿಸಿದೆ. ಹೂವಿನವಳನ್ನೂ ಬಿಡದ ಆ ಹೆಂಗಸು ನನ್ನ ಹತ್ತಿರ ಒಂದು ಮಾತೂ ಎಳೆದಾಡಲಿಲ್ಲ. "ಮೂವತ್ತು ನನ್ ಕೈಲಿ ಆಗಕಿಲ್ಲ. ಓಗ್ಬುಟ್ ಬಾ ಮಗಾ" ಅಂದು ಒಳಗೆ ಹೋಗಿಬಿಟ್ಟರು. ಚೌಕಾಸಿ ಮಾಡಿದ್ದರೆ ನಾನು ಹೋಗಿಬಿಡುತ್ತಿದ್ದೆನೋ ಏನೋ. ಎರಡು ದಿನ ಯೋಚಿಸಿ, ಅಪ್ಪನ ಕಾಲು ಹಿಡಿದು, ಉಳಿದೆ. ಮಂಡಿ ಅಮ್ಮನಿಗೆ ತಿಳಿಸಿದಾಗ, ನಾಳೆಯಿಂದ ಹನ್ನೊಂದು ಕೊಡುತ್ತೇನೆ, ಊರಲ್ಲಿ ಹೇಳಿಕೊಂಡು ತಿರುಗಬೇಡ ಅಂದರು.

ಯುದ್ಧದ ವರ್ಷಗಳಲ್ಲಿ ಅವರ ಬೆಂಬಲದಿಂದಲೇ ಅರಕಲಗೂಡಿನಲ್ಲಿ ನನ್ನದೇ ಮಂಡಿ ಹಾಕಿದೆ. ಯುದ್ಧ ಮುಗಿದ ಮೇಲೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ, ಆರೈಕೆಗೆ ಬಂದಿದ್ದ ತಮ್ಮ ಮಗಳನ್ನು ಹೊರಗೆ ಕಳಿಸಿ, ಮೆಲ್ಲಗೆ ಕೇಳಿದರು:

"ಆಸನದ್ ಕಚೇರಿಗೆ ಓಗಿದ್ರೆ ಈಗ ಶಿರಸ್ತೇದಾರ್ನೇ ಆಗಿರ್ತಿದ್ದೆ. ಓದಿರೋ ಉಡ್ಗನ್ನ ಅತ್ತು ರೂಪಾಯಿಗೆ ಇಡ್ಕೊಂಡೆ. ನಿಂಗೆ ಮೋಸ ಮಾಡ್ಬುಟ್ನೇನ್ಲಾ?"

ಇಷ್ಟು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದರೆಂದು ನನಗೆ ತಿಳಿದಿರಲಿಲ್ಲ. "ನಿಮ್ಮತ್ರ ಕಲ್ತೋನಿಗೆ ಮೋಸ ಮಾಡಕ್ಕೆ ಯಾರ್ ಕೈಲಾಯ್ತದಮ್ಮಾ?" ಅಂದೆ.

ಹೊಟ್ಟೆ ಅಲುಗುವಂತೆ ನಕ್ಕರು. ಕೆಮ್ಮು ಬಂತು. "ಅಂಗಾದ್ರೆ ಸರಿ ಬುಡು" ಅಂದು ಗೋಡೆಯ ಕಡೆ ಹೊರಳಿದರು.

ಸುದ್ದಿ ಬಂದದ್ದು ಒಂದು ಸಂತೆಯ ದಿನ, ವ್ಯಾಪಾರ ಏರಿದ ಹೊತ್ತಿಗೆ. ತಕ್ಕಡಿ ಇಳಿಸಿ, ಬಾಗಿಲು ಎಳೆದುಕೊಳ್ಳಲು ಹೇಳಿದೆ. ಕೊಳ್ಳಲು ಬಂದವರು ಗೊಣಗಿದರು. ಯಾರು ಹೋದದ್ದೆಂದು ತಿಳಿದ ಮೇಲೆ ಅವರಲ್ಲಿ ನಾಲ್ಕಾರು ಜನ ಬಂದು, ಚನ್ನರಾಯಪಟ್ಟಣಕ್ಕೆ ಹೊರಟ ನನ್ನ ಗಾಡಿ ಹತ್ತಿದರು.