ಮೋಟಾರಿನ ಹಂಡೆ ಸೋರಿದ ದಿನ

ನಾನು ಹುಟ್ಟಾ ಅವಸರದವನು. ಒಲೆಯ ಮೇಲೆ ಇನ್ನೂ ಎಸರು ಕುದಿಯುತ್ತಿರುವಾಗಲೇ ತಟ್ಟೆ ಹಾಕಿಕೊಂಡು ಕೂರುತ್ತೇನೆ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಅಂಥವನ ಕೈಗೆ ಸಿಕ್ಕಿದ್ದು ಒಂದು ಹಳೆಯ ಮೋಟಾರು ವ್ಯಾನು. ಚಿತ್ರದುರ್ಗದ ಕಡೆ ಯಾರೋ ದೊರೆ ಓಡಿಸಿ ಓಡಿಸಿ ಸಾಕಾಗಿ ಬಿಟ್ಟದ್ದನ್ನು ತಂದು, ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಜನರನ್ನೂ ಮೂಟೆಗಳನ್ನೂ ಒಟ್ಟಿಗೇ ತುಂಬಿಕೊಂಡು ಹೋಗುತ್ತಿದ್ದೆ. ಆಗ ನಮ್ಮ ಸೀಮೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ಎತ್ತುಗಳು ಗಾಡಿ ಸಮೇತ ಹೊಲಕ್ಕೆ ಇಳಿಯುತ್ತಿದ್ದವು. ಗಾಡಿಯವರು ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ.

ವ್ಯಾನಿನ ಮುಂಭಾಗದಲ್ಲಿ ಹಿತ್ತಾಳೆಯ ದೊಡ್ಡ ರೇಡಿಯೇಟರ್ ಇತ್ತು. ಎಂಜಿನ್ನಿನ ಕಾವು ಇಳಿಸುವ ನೀರು ಇರುವುದು ಅದರಲ್ಲಿ. ಅವ್ವ ಅದನ್ನು ಹಂಡೆ ಎಂದೇ ಕರೆಯುತ್ತಿದ್ದಳು. ಬಚ್ಚಲಿಗೊಂದು ಹಂಡೆ, ಮೋಟಾರಿಗೊಂದು ಹಂಡೆ, ಅವಳಿಗೆ ಅಷ್ಟೇ. ನಮ್ಮ ಬಾವಿಗಳ ನೀರು ಸವುಳು. ಕಾಯಿಸಿದಂತೆಲ್ಲ ಹಂಡೆಯ ಒಳಮೈಗೆ ಬಿಳಿಯ ಗಟ್ಟಿ ಕರೆ ಕಟ್ಟುತ್ತದೆ. ಹಬ್ಬ ಬಂತೆಂದರೆ ಹೆಂಗಸರು ಹಂಡೆಗೆ ಹುಣಸೆಹಣ್ಣಿನ ನೀರು ತುಂಬಿ ನೆನೆಯಲು ಬಿಡುತ್ತಾರೆ. ಕರೆಯೆಲ್ಲ ಬಿಟ್ಟುಕೊಂಡು ಹಂಡೆ ಹೊಸದರಂತೆ ಆಗುತ್ತದೆ.

ಆ ವರ್ಷ ಆಯುಧಪೂಜೆ ಕಳೆದ ಮೂರನೆಯ ಬೆಳಿಗ್ಗೆ ಮೊಳಕಾಲ್ಮೂರಿನಿಂದ ಭಾವನ ಮನೆಯ ಆಳು ಕುದುರೆಯ ಮೇಲೆ ಬಂದು ಇಳಿದ. ನನ್ನ ಒಬ್ಬಳೇ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದೆವು. ಅವಳು ತುಂಬಿದ ಬಸುರಿ. ಹಬ್ಬ ಮುಗಿಸಿ ಬಾಣಂತನಕ್ಕೆ ಕರೆತರುವುದೆಂದು ಮಾತಾಗಿತ್ತು.

"ಚಿಕ್ಕಮ್ಮೋರಿಗೆ ನೋವು ಕಾಣಿಸ್ಕೊಂಡೈತೆ" ಎಂದ ಆಳು. "ಕೂಸು ಅಡ್ಡ ಐತಂತೆ. ದೊಡ್ಡಮ್ಮೋರು ಈಗ್ಲೇ ಬರ್ಬೇಕಂತೆ."

ಅವ್ವ ಆಗಲೇ ಗಂಟು ಕಟ್ಟತೊಡಗಿದಳು. ನಮ್ಮ ಕೇರಿಯಲ್ಲಿ ಹೆರಿಗೆ ಕಷ್ಟವಾದರೆ ಜನ ಅವ್ವನನ್ನೇ ಕರೆಯುತ್ತಿದ್ದರು. ಹೊಟ್ಟೆಗೆ ಹರಳೆಣ್ಣೆ ಸವರಿ, ನಿಧಾನವಾಗಿ ತೀಡಿ, ಅಡ್ಡ ತಿರುಗಿದ ಕೂಸನ್ನು ನೇರ ಮಾಡುವುದು ಅವಳ ಕೈಗೆ ಒಲಿದಿತ್ತು. ಆದರೆ ಮಗಳ ಚೊಚ್ಚಲ ಹೆರಿಗೆಗೇ ಅವಳಿಗೆ ಒದಗಲು ಆಗಿರಲಿಲ್ಲ. ಆಗಲೂ ನೋವು ಹೀಗೆ ಮೊದಲೇ ಬಂದಿತ್ತು. ಆಗಲೂ ಕೂಸು ಅಡ್ಡವಿತ್ತು. ಅವ್ವನ ಎತ್ತಿನ ಗಾಡಿ ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ಕೂಸನ್ನು ಮಣ್ಣು ಮಾಡಿ ಬಂದಿದ್ದರು. ಆಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮೋಟಾರು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದವಳು ಆ ದಿನ ನಾನು ಕರೆಯುವ ಮುಂಚೆಯೇ ಹತ್ತಿ ಕೂತಳು. ಮಡಿಲಲ್ಲಿ ಗಂಟು. ಅದರಲ್ಲಿ ಹರಳೆಣ್ಣೆಯ ಕುಡಿಕೆ, ಕೂಸಿಗೆ ಸುತ್ತಲು ಹಳೆಯ ಮೆತ್ತನೆಯ ಸೀರೆ, ಬಾಣಂತಿಗೆ ಬೆಲ್ಲ, ಒಂದಿಷ್ಟು ರಾಗಿ ಹಿಟ್ಟು. ಸೊಂಟದಲ್ಲಿ ಎಲೆಯಡಿಕೆ ಸಂಚಿ. ಊರು ದಾಟುವವರೆಗೂ ಒಂದು ಕೈಯಲ್ಲಿ ಕೊರಳ ಲಿಂಗದ ಕರಡಿಗೆ ಹಿಡಿದುಕೊಂಡೇ ಇದ್ದಳು.

ದಾರಿಯ ತಳಕು ಊರು ದಾಟಿ, ದನ ಮೇಯುವ ಕಾವಲಿನ ಬಯಲಿಗೆ ಬಿದ್ದೆವು. ಇನ್ನೇನು ದೂರವಿಲ್ಲ ಎಂದು ನಾನು ಧೈರ್ಯ ತಂದುಕೊಳ್ಳುವ ಹೊತ್ತಿಗೆ ಮುಂದಿನಿಂದ ಆವಿ ಎದ್ದಿತು. ಮೊದಲು ದೂಳು ಅಂದುಕೊಂಡೆ. ಕಣ್ಣಿಗೆ ಬಿಸಿ ಹನಿ ಸಿಡಿದಾಗ ವ್ಯಾನು ನಿಲ್ಲಿಸಿ ಜಿಗಿದೆ.

"ಯಾಕಪ್ಪಾ ನಿಲ್ಸ್‌ದೆ?"

"ನೀರು ಕುದೀತೈತವ್ವ. ಆರ್ಬೇಕು."

"ಎಷ್ಟೊತ್ತು?"

ನನಗೇ ಗೊತ್ತಿರಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು, ರೇಗಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಟವೆಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಬುಸ್ಸೆಂದು ಬಂದ ಆವಿಯಲ್ಲಿ ಹುಳಿ ವಾಸನೆ. ಎಂಜಿನ್ನಿನಲ್ಲಿ ಯಾರೋ ಸಾರಿಗಿಟ್ಟ ಹಾಗೆ. ಬಗ್ಗಿ ನೋಡಿದರೆ ಬಾಯಿಯ ಅಂಚಿಗೆ ಒಂದು ನಾರು ಅಂಟಿಕೊಂಡಿತ್ತು. ಬೆರಳಲ್ಲಿ ತೆಗೆದೆ. ಹುಣಸೆಹಣ್ಣಿನ ನಾರು.

ನನಗೆ ಎಲ್ಲ ತಿಳಿದುಹೋಯಿತು. ಆಯುಧಪೂಜೆಯ ಹಿಂದಿನ ದಿನ ವ್ಯಾನು ತೊಳೆಯುವ ಕೆಲಸವನ್ನು ಅವ್ವ ತಾನೇ ವಹಿಸಿಕೊಂಡಿದ್ದಳು. ಹಿತ್ತಾಳೆ ಫಳಫಳ ಎನ್ನುವಂತೆ ಉಜ್ಜಿದ್ದನ್ನು ನಾನೂ ಕಂಡಿದ್ದೆ, ಹೊಗಳಿಯೂ ಇದ್ದೆ. ಬಚ್ಚಲ ಹಂಡೆಗೆ ಮಾಡಿದಂತೆ ಇದರ ಒಳಗೂ ಹುಳಿ ನೀರು ತುಂಬಿ ನೆನೆಹಾಕಿದ್ದಳೆಂದು ಮಾತ್ರ ಈಗ ಗೊತ್ತಾಯಿತು. ಈ ಮುದಿ ರೇಡಿಯೇಟರಿನ ಸಣ್ಣಪುಟ್ಟ ತೂತುಗಳನ್ನು ಇಷ್ಟು ದಿನ ಮುಚ್ಚಿಕೊಂಡಿದ್ದದ್ದು ನಮ್ಮ ಸವುಳು ನೀರಿನ ಆ ಬಿಳಿ ಕರೆಯೇ. ಅದನ್ನು ಅವಳು ಅಕ್ಕರೆಯಿಂದ ತೊಳೆದು ತೆಗೆದುಬಿಟ್ಟಿದ್ದಳು. ಹಬ್ಬದ ಮೇಲೆ ವ್ಯಾನು ಹೊರಬಿದ್ದದ್ದು ಇವತ್ತೇ.

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಗಂಟಿನ ಮೇಲೆ ಇಟ್ಟಿದ್ದ ಆ ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು. ಇನ್ನೊಂದು ಗಳಿಗೆಗೆ ತಂಗಿಯ ಹೊಟ್ಟೆಯ ಮೇಲೆ ಇರಬೇಕಾದ ಕೈ ಅದು. ನಿನ್ನಿಂದಲೇ ತಡವಾಯಿತು ಎಂದು ಈಗ ಹೇಳಿದರೆ ಆ ಕೈ ಏನು ಕೆಲಸ ಮಾಡೀತು? ನಾರನ್ನು ಮುಷ್ಟಿಯಲ್ಲಿ ಹಿಡಿದು ಹುಲ್ಲಿಗೆ ಎಸೆದೆ.

"ಏನಾಗೈತಲೇ ಅದಕ್ಕೆ?" ಅವ್ವ ಇಳಿದು ಬಂದಳು.

"ಕಲ್ಲು ಬಡ್ದೈತೆ ಕಣವ್ವ. ದಾರೀಲಿ ಸಿಡಿದದ್ದು."

ಅವಳು ನನ್ನ ಮುಖ ನೋಡಿದಳು, ಆಮೇಲೆ ಹಿತ್ತಾಳೆ ನೋಡಿದಳು. "ಸರಿ. ಈಗೇನು ಮಾಡ್ಬೇಕು ಹೇಳು" ಎಂದಳು.

ಸೋರುವುದು ಎಲ್ಲಿಂದ ಎಂದು ಮೊದಲು ಗೊತ್ತಾಗಬೇಕಿತ್ತು. ಫ್ಯಾನಿನ ಗಾಳಿ ನೀರನ್ನು ಎಲ್ಲ ಕಡೆ ಎರಚಿ ಇಡೀ ಮುಂಭಾಗ ತೊಯ್ದಿತ್ತು. ರಬ್ಬರು ಪೈಪಿನ ಬಿಗಿ ನೋಡಿದೆ, ಸರಿಯಿತ್ತು. ಕೆಳಗಿನ ನಲ್ಲಿ ನೋಡಿದೆ, ಅದೂ ಸರಿಯಿತ್ತು. ಮೈಯೆಲ್ಲ ಒರೆಸಿದೆ. ಒರೆಸಿದ ಕಡೆ ಮತ್ತೆ ಒದ್ದೆ. ಬಿಸಿಲು ಏರುತ್ತಿತ್ತು, ಹಿತ್ತಾಳೆಯ ಹೊಳಪಿಗೆ ಕಣ್ಣು ಕುಕ್ಕುತ್ತಿತ್ತು, ನನ್ನ ತಲೆಯಲ್ಲಿ ತಂಗಿಯ ನರಳಾಟ ಬಿಟ್ಟರೆ ಬೇರೇನೂ ಇರಲಿಲ್ಲ.

ಅವ್ವನ ಹಣೆಯ ಮೇಲೆ ಬೆವರು ಇಳಿದು ವಿಭೂತಿಯ ಗೆರೆಯಲ್ಲಿ ದಾರಿ ಮಾಡಿತ್ತು. ಬೆವರು ಹರಿದಲ್ಲಿ ಮಾತ್ರ ಬಿಳಿ ಮಾಸಿ ಕಪ್ಪಾಗಿತ್ತು. ಅದನ್ನು ನೋಡಿ ಹೊಳೆಯಿತು.

"ಅವ್ವ, ವಿಭೂತಿ ಗಟ್ಟಿ ಐತಾ?"

ಸಂಚಿಯಿಂದ ತೆಗೆದು, ಕೊಡುವ ಮುಂಚೆ ಒಂದು ಗಳಿಗೆ ಅನುಮಾನಿಸಿದಳು. "ಹಣೆಗೆ ಹಚ್ಚೋದಪ್ಪಾ ಇದು." ಆಮೇಲೆ ಅವಳೇ, "ಇರ್ಲಿ, ಹಂಡೆಗೆ ಹಚ್ಚಿದ್ರೆ ಶಿವ ಬ್ಯಾಡ ಅಂತಾನಾ" ಎಂದು ಕೈಗಿತ್ತಳು.

ರೇಡಿಯೇಟರ್ ಆರಿದ ಮೇಲೆ ಒಣಗಿಸಿ, ವಿಭೂತಿಯನ್ನು ಪುಡಿ ಮಾಡಿ ಮುಂದೂ ಹಿಂದೂ ಸವರಿದೆ. ಹಿತ್ತಾಳೆಯೆಲ್ಲ ಬೆಳ್ಳಗಾಯಿತು. ವ್ಯಾನಿನಲ್ಲಿ ಯಾವಾಗಲೂ ಇಟ್ಟುಕೊಂಡಿರುತ್ತಿದ್ದ ತಗಡಿನ ಡಬ್ಬಿಯ ನೀರನ್ನು ಮೆಲ್ಲಗೆ ಸುರಿದೆ. ಇಬ್ಬರೂ ಕುಕ್ಕುರುಗಾಲಿನಲ್ಲಿ ಕೂತು ಕಾದೆವು. ತಳದ ಬೆಸುಗೆಯ ಬಳಿ ಬಿಳಿಯಲ್ಲಿ ಒಂದು ಚುಕ್ಕೆ ಕಪ್ಪಾಯಿತು. ಅದರ ಪಕ್ಕ ಇನ್ನೊಂದು. ಸ್ವಲ್ಪ ಆಚೆ ಮತ್ತೊಂದು. ಮೂರೂ ಸೂಜಿಮೊನೆಯಷ್ಟು. ಬೇರೆ ಎಲ್ಲೂ ಇಲ್ಲ.

ಬೆಸುಗೆ ಹಾಕಲು ಅಲ್ಲಿ ಏನಿತ್ತು? ಕಾವಲಿನ ಹುಲ್ಲಿತ್ತು, ದೂರದಲ್ಲಿ ಕುರಿ ಕಾಯುವವನೊಬ್ಬನಿದ್ದ. ಅವ್ವ ಗಂಟು ಬಿಚ್ಚಿದಳು. ಬೆಲ್ಲವನ್ನು ಕಲ್ಲಿನ ಮೇಲೆ ಜಜ್ಜಿ, ಸಂಚಿಯ ಸುಣ್ಣವನ್ನೆಲ್ಲ ಸುರಿದು ಕಲೆಸತೊಡಗಿದಳು. ತೂತು ಬಿದ್ದ ಕೊಡಕ್ಕೆ ನಮ್ಮ ಮನೆಗಳಲ್ಲಿ ಮೆತ್ತುವುದು ಇದನ್ನೇ. ನಾನು ಒಳಗಿದ್ದ ನೀರನ್ನೆಲ್ಲ ಕೆಳಗಿನ ನಲ್ಲಿಯಿಂದ ಬಿಟ್ಟು ತಳ ಒಣಗಿಸಿದೆ. ಅವಳು ಅಂಟನ್ನು ಮೂರು ಚುಕ್ಕೆಗಳಿಗೆ ಒತ್ತಿದಳು. ಮೇಲೆ ಸುತ್ತಲು ಬಟ್ಟೆ ಬೇಕಾಯಿತು. ಕೂಸಿಗೆಂದು ತಂದ ಸೀರೆಯನ್ನು ಕೈಗೆತ್ತಿಕೊಂಡು ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಪರ್ರನೆ ಹರಿದಳು.

"ನೀರು ಹಾಕ್ಲಾ?"

"ತಡಿಯೋ. ಹಸಿ ಇದ್ದಾಗ ಹಾಕಿದ್ರೆ ಕಿತ್ಕೊಂಡ್ ಬರ್ತೈತೆ."

ಎಂಜಿನ್ನಿನ ಉಳಿದ ಕಾವಿಗೆ ಅಂಟು ಗಟ್ಟಿಯಾಗುವವರೆಗೆ ಕಾಯುವುದು, ಅದೂ ನಾನು. ಹುಲ್ಲಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಅವ್ವ ಕೂತೇ ಇದ್ದಳು, ಆದರೆ ಉಗುರಿನಲ್ಲಿ ಮೆತ್ತಿದ್ದ ಸುಣ್ಣವನ್ನು ಕೆರೆದು ಕೆರೆದು ಬೆರಳು ಕೆಂಪು ಮಾಡಿಕೊಂಡಿದ್ದಳು. ಕುರಿಯವನು ಹತ್ತಿರ ಬಂದು ತೆಲುಗಿನಲ್ಲಿ "ನೀಳ್ಳು ಕಾವಾಲಾ?" ಎಂದು ನೀರು ಬೇಕೇ ಅಂತ ಕೇಳಿದ. ಅವನು ತೋರಿಸಿದ ಕಟ್ಟೆಯಿಂದ ಡಬ್ಬಿ ತುಂಬಿಸಿಕೊಂಡು, ಬಟ್ಟೆಯಲ್ಲಿ ಸೋಸಿ ತಂದೆ. ಒಂದು ಹಿಡಿ ರಾಗಿ ಹಿಟ್ಟು ಕದಡಿ ಆ ನೀರನ್ನೇ ಒಳಗೆ ಹುಯ್ದೆ. ಕಾದಂತೆ ಹಿಟ್ಟು ಅಂಬಲಿಯಾಗಿ ಒಳಗಿನಿಂದಲೂ ತೂತಿಗೆ ಅಡರುತ್ತದೆ ಎಂದು ಬಳ್ಳಾರಿಯ ಮೋಟಾರಿನವರು ಹೇಳಿದ್ದು ಕೇಳಿದ್ದೆ. ಆವಿ ಒಳಗೆ ಒತ್ತದಿರಲೆಂದು ಮುಚ್ಚಳ ಸಡಿಲ ಬಿಟ್ಟೆ. ಹ್ಯಾಂಡಲು ತಿರುಗಿಸಿ ಎಂಜಿನ್ ಹೊರಡಿಸಿದೆ.

ಹನಿಯುತ್ತಿತ್ತು, ಆದರೆ ಸುರಿಯುತ್ತಿರಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ನೀರು ಕುಡಿಸುತ್ತ, ಎತ್ತಿನ ಗಾಡಿಯವನೂ ನಗುವಷ್ಟು ನಿಧಾನವಾಗಿ ಓಡಿಸಿದೆ. ಕಲ್ಲುಗುಡ್ಡಗಳು ಕಂಡವು, ಮೊಳಕಾಲ್ಮೂರು ಕಂಡಿತು. ಭಾವನ ಮನೆಯ ಮುಂದೆ ಜನ ಗುಂಪುಗೂಡಿದ್ದರು. ತಡವಾಯಿತೇನೋ ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ತಂಗಿ ನರಳುವುದು ಕೇಳಿಸಿತು. ಬದುಕಿದ್ದಾಳೆ. ಅವ್ವ ವ್ಯಾನು ಪೂರ್ತಿ ನಿಲ್ಲುವ ಮುಂಚೆಯೇ ಇಳಿದು ಒಳಗೆ ಹೋದಳು.

ನಾನು ಬೀದಿಯಲ್ಲೇ ಉಳಿದೆ. ರೇಡಿಯೇಟರಿನ ಕೆಳಗೆ ಮಣ್ಣು ತೊಯ್ಯುತ್ತಿರುವುದನ್ನೇ ನೋಡುತ್ತ ಕೂತೆ. ಭಾವ ತಂದುಕೊಟ್ಟ ಮಜ್ಜಿಗೆಯನ್ನು ಪಕ್ಕಕ್ಕಿಟ್ಟೆ. ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು. ಕಡೆಗೊಮ್ಮೆ ಕೂಸು ಅತ್ತಿತು. ಗಟ್ಟಿಯಾಗಿ, ಜಗಳಕ್ಕೆ ಬಂದವರ ಹಾಗೆ ಅತ್ತಿತು. ನಾನೂ ಅತ್ತೆ, ನಾಚಿಕೆಯಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಹೆಣ್ಣು. ಇಬ್ರೂ ಚೆನ್ನಾಗವ್ರೆ" ಎಂದು ನನ್ನ ಪಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಹರಿದ ಸೀರೆಯ ಪಟ್ಟಿಯನ್ನೂ ಅದರಿಂದ ತೊಟ್ಟಿಕ್ಕುವ ನೀರನ್ನೂ ನೋಡುತ್ತಿದ್ದಳು.

"ಕಲ್ಲು ಬಡಿದ್ರೆ ತಗ್ಗು ಬೀಳ್ಬೇಕಲ್ಲೋ" ಎಂದಳು.

ನಾನು ಪಟ್ಟಿ ಬಿಗಿ ಮಾಡುವ ನೆಪದಲ್ಲಿ ಬಗ್ಗಿದೆ.

"ಹುಳಿ ವಾಸನೆ ನಂಗೂ ಬಂತು. ಆ ನಾರು ಎಸ್ದಿದ್ದೂ ಕಂಡೆ." ಅವಳ ದನಿ ಒಡೆಯಿತು. "ಅಲ್ಲೇ ಕೇಳಿದ್ರೆ ಕೈ ಬಿದ್ದೋಗ್ತಿತ್ತು. ಕೂಸು ಅತ್ತ ಮ್ಯಾಲೆ ಕೇಳಾನಾ ಅಂತ ತಡ್ಕೊಂಡಿದ್ದೆ."

"ಹೋಗ್ಲಿ ಬಿಡವ್ವ. ಬಂದು ಮುಟ್ಟಿದ್ವಲ್ಲ."

"ಮುಟ್ಟದೇ ಇದ್ದಿದ್ರೆ?"

"ಆಗ್ಲೂ ಕಲ್ಲು ಅಂತ್ಲೇ ಹೇಳ್ತಿದ್ದೆ."

ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ಈಗ ನಡುಗುತ್ತಿರಲಿಲ್ಲ. "ಗೊತ್ತಪ್ಪಾ. ನಾನೂ ಸಾಯೋ ತನಕ ಅದಕ್ಕೆ ಹೂಂ ಅಂತಿದ್ದೆ" ಎಂದಳು.